ದೃಶ್ಯಕಲೆ, ಡಿಸೈನ್ ಕಾಲೇಜು ಸೇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ಮರುದಿನದಿಂದಲೇ ನನ್ನ ಫೋನ್ ಬಡಿದುಕೊಳ್ಳಲು ಶುರುವಾಗುತ್ತದೆ. "ಮಗಳು ತುಂಬಾ ಚೆನ್ನಾಗಿ ಚಿತ್ರ ಬಿಡಿಸ್ತಾಳೆ ಸರ್, ಮುಂದೇನು ಓದಿಸೋದು?" ನಾನು ಬಿವಿಎ ಮುಗಿಸಿ, ಮುದ್ರಣಕಲೆಯಲ್ಲಿ ಎಂವಿಎ ಮಾಡಿ, ಈಗ ಬಹಳ ವರ್ಷಗಳಿಂದ ಮೊದಲ ವರ್ಷದ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದೇನೆ. ಫೋನಿನಲ್ಲಿ ಅವಸರದಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ಸಾವಧಾನವಾಗಿ ಬರೆದಿದ್ದೇನೆ. ಶುಲ್ಕ, ಕೊನೆಯ ದಿನಾಂಕ, ಸೀಟುಗಳ ಸಂಖ್ಯೆ ವರ್ಷವರ್ಷಕ್ಕೂ ಬದಲಾಗುವುದರಿಂದ ಅವನ್ನು ಆಯಾ ಕಾಲೇಜಿನ ಪ್ರಾಸ್ಪೆಕ್ಟಸ್‌ನಲ್ಲೇ ನೋಡಿ.

ಪಿಯುಸಿ ಆದಮೇಲೆ ಚಿತ್ರಕಲೆ ಓದಬೇಕೆಂದರೆ ಯಾವ ಕೋರ್ಸ್ ಸೇರಬೇಕು?

ಮುಖ್ಯವಾದದ್ದು ಬಿವಿಎ, ಅಂದರೆ ಬ್ಯಾಚುಲರ್ ಆಫ್ ವಿಶುವಲ್ ಆರ್ಟ್ಸ್. ನಾಲ್ಕು ವರ್ಷದ ಪದವಿ. ಕೆಲವು ಕಡೆ ಇದನ್ನೇ ಬಿಎಫ್ಎ ಎನ್ನುತ್ತಾರೆ. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ, ಅದಕ್ಕೆ ಫೌಂಡೇಶನ್ ಎಂದು ಹೆಸರು. ಆಮೇಲೆ ಪೇಂಟಿಂಗ್, ಶಿಲ್ಪ, ಮುದ್ರಣಕಲೆ, ಅನ್ವಯಿಕ ಕಲೆ ಹೀಗೆ ವಿಭಾಗ ಆರಿಸಿಕೊಳ್ಳಬೇಕು. ಅದಾದ ಮೇಲೆ ಎರಡು ವರ್ಷದ ಎಂವಿಎ ಇದೆ. ಡಿಸೈನ್ ಓದುವವರಿಗೆ ಬಿ.ಡಿಸ್ ಎಂಬ ಬೇರೆಯೇ ಪದವಿ ಇದೆ, ಅದರ ಮಾತು ಮುಂದೆ ಬರುತ್ತದೆ.

ನಾನು ಸೈನ್ಸ್ ಓದಿದ್ದು. ಕಾಮರ್ಸ್ ಓದಿದ್ದು. ಸೇರಬಹುದಾ?

ಸೇರಬಹುದು. ಯಾವ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದರೂ ಸರಿ.

ಪ್ರವೇಶ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ? ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸಾಗಿರಲೇಬೇಕಾ?

ಸಾಮಾನ್ಯವಾಗಿ ಎದುರಿಗಿಟ್ಟ ವಸ್ತುಗಳನ್ನು ನೋಡಿ ಬಿಡಿಸುವುದು, ಕೊಟ್ಟ ವಿಷಯಕ್ಕೆ ಒಂದು ಸಂಯೋಜನೆ ಮಾಡುವುದು, ಆಮೇಲೆ ಸಂದರ್ಶನ. ಗ್ರೇಡ್ ಪರೀಕ್ಷೆ ಕಟ್ಟಿದ್ದರೆ ಕೈ ಸ್ವಲ್ಪ ಪಳಗಿರುತ್ತದೆ, ಅಷ್ಟು ಲಾಭ. ಕಟ್ಟದೆಯೂ ಬಂದು ತರಗತಿಯ ಅತ್ಯುತ್ತಮ ವಿದ್ಯಾರ್ಥಿಗಳಾದವರನ್ನು ನಾನು ನೋಡಿದ್ದೇನೆ.

ಪೋರ್ಟ್‌ಫೋಲಿಯೋದಲ್ಲಿ ಏನಿಟ್ಟರೆ ಒಳ್ಳೆಯದು?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ಯಾಕೆಂದರೆ ಹೆಚ್ಚಿನ ಮಕ್ಕಳು ತಪ್ಪುವುದು ಇಲ್ಲೇ.

ಸಂದರ್ಶನಕ್ಕೆ ಬರುವ ಹತ್ತು ಫೋಲ್ಡರ್‌ಗಳಲ್ಲಿ ಏಳೆಂಟನ್ನು ಬಿಚ್ಚಿದರೆ ಸಿಗುವುದು ಸಿನಿಮಾ ನಟರ ಮುಖಗಳು. ಫೋನಿನಲ್ಲಿ ಫೋಟೋ ಇಟ್ಟುಕೊಂಡು, ಚೌಕ ಹಾಕಿ, ಒಂದೊಂದೇ ಚೌಕ ತುಂಬಿಸಿ, ಹತ್ತಿಯಿಂದ ಉಜ್ಜಿ ನುಣ್ಣಗೆ ಮಾಡಿರುತ್ತಾರೆ. ಅದರಲ್ಲಿ ಶ್ರಮ ಇಲ್ಲವೆಂದು ನಾನು ಹೇಳುವುದಿಲ್ಲ, ಬಹಳ ಇದೆ. ಆದರೆ ಆ ಮುಖವನ್ನು ನಮಗಿಂತ ಮೊದಲೇ ಕ್ಯಾಮೆರಾ ನೋಡಿ ಮುಗಿಸಿದೆ. ಬೆಳಕು ಎಲ್ಲಿ, ನೆರಳು ಎಲ್ಲಿ, ಚೌಕಟ್ಟಿನೊಳಗೆ ಎಷ್ಟು ಬರಬೇಕು, ಎಲ್ಲವನ್ನೂ ಅದೇ ನಿರ್ಧರಿಸಿಬಿಟ್ಟಿದೆ. ನಿಮ್ಮ ಕಣ್ಣು ಏನು ಮಾಡಿತು ಅನ್ನೋದು ನಮಗೆ ಕಾಣುವುದೇ ಇಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಇನ್ನೂರು ಪುಟದ ಲಾಂಗ್ ಬುಕ್ ತಂದಿದ್ದ. ಗೆರೆ ಹಾಕಿದ ಹಾಳೆ, ನೀಲಿ ಬಾಲ್ ಪೆನ್ನು. ಅದರ ತುಂಬಾ ಅವರ ಮನೆಯ ಒಂದೇ ಎಮ್ಮೆ. ಮಲಗಿದ್ದು, ಏಳುತ್ತಿರುವುದು, ಹಿಂಗಾಲು ಮೊದಲು ಎತ್ತಿ ಮುಂಗಾಲು ಇನ್ನೂ ಮಡಿಸಿಕೊಂಡೇ ಇರುವ ಆ ಅರೆ ಕ್ಷಣ, ಬಾಲ ಬೀಸಿದಾಗ ಬೆನ್ನಿನ ಮೇಲೆ ಸರಿಯುವ ಚರ್ಮ. ಎಷ್ಟೋ ಚಿತ್ರ ಅರ್ಧಕ್ಕೇ ನಿಂತಿದ್ದವು, ಎಮ್ಮೆ ಎದ್ದು ಹೋಗಿತ್ತಲ್ಲ! ಆ ಪುಸ್ತಕ ಮುಚ್ಚಲು ನಮ್ಮಲ್ಲಿ ಯಾರಿಗೂ ಮನಸ್ಸಾಗಲಿಲ್ಲ.

ಹಾಗಾಗಿ ಮನೆಯಲ್ಲಿ ಮಲಗಿರುವ ಅಜ್ಜಿಯನ್ನು ಬಿಡಿಸಿ. ಬಸ್ ನಿಲ್ದಾಣಕ್ಕೆ ಹೋಗಿ ಕುಳಿತುಕೊಳ್ಳಿ, ಬಸ್ ಬರುವುದರೊಳಗೆ ಒಬ್ಬರನ್ನು ಹಿಡಿಯಿರಿ. ಅಡುಗೆಮನೆಯ ಕಟ್ಟೆ, ಕೊಟ್ಟಿಗೆ, ಗಾಡಿ ರಿಪೇರಿ ಅಂಗಡಿ, ಸಂತೆಯಲ್ಲಿ ಪೇರಿಸಿದ ಕುಂಬಳಕಾಯಿ. ಇಂಥ ಹದಿನೈದು ಇಪ್ಪತ್ತು ಕೆಲಸ ಸಾಕು. ಸ್ಕೆಚ್ ಪುಸ್ತಕವನ್ನು ಹಾಗೆಯೇ ತನ್ನಿ, ಕೆಟ್ಟ ಪುಟಗಳನ್ನು ಹರಿಯಬೇಡಿ. ಲ್ಯಾಮಿನೇಶನ್ ಮಾಡಿಸಲೇಬೇಡಿ, ಹೊಳಪಿನ ಕೆಳಗೆ ಪೆನ್ಸಿಲ್ಲಿನ ಒತ್ತಡ ತಿಳಿಯುವುದಿಲ್ಲ.

ಮೊದಲ ವರ್ಷವಿಡೀ ಬರೀ ಡ್ರಾಯಿಂಗ್ ಮಾಡಿಸುತ್ತಾರಂತೆ, ನಿಜವಾ?

ಡ್ರಾಯಿಂಗ್, ಬಣ್ಣ, ಜೇಡಿಮಣ್ಣು, ಎರಡು ಮತ್ತು ಮೂರು ಆಯಾಮದ ವಿನ್ಯಾಸ, ಪರ್ಸ್‌ಪೆಕ್ಟಿವ್, ಅಕ್ಷರ ಬರವಣಿಗೆ, ಕಲಾ ಇತಿಹಾಸ ಎಲ್ಲ ಇರುತ್ತದೆ. ಆದರೆ ಹೌದು, ಡ್ರಾಯಿಂಗ್‌ಗೆ ಕೂರಿಸುವುದು ಹೆಚ್ಚು, ಮತ್ತು ಮಕ್ಕಳಿಗೆ ಬೇಸರ ಬರುವುದೂ ಅಲ್ಲೇ.

ನಾನು ಮೊದಲ ವಾರ ಮೇಜಿನ ಮೇಲೆ ಒಂದು ಹಿತ್ತಾಳೆ ತಂಬಿಗೆ ಇಡುತ್ತೇನೆ. ಐದು ದಿನ ಅದೊಂದೇ. ಮೊದಲ ದಿನ ಎಲ್ಲರೂ ಅರ್ಧ ಗಂಟೆಯಲ್ಲಿ ಮುಗಿಸಿ ಫೋನ್ ತೆಗೆಯುತ್ತಾರೆ. ಅವರ ಹಾಳೆಯಲ್ಲಿರುವುದು ಎದುರಿಗಿರುವ ತಂಬಿಗೆಯಾಗಿರುವುದಿಲ್ಲ, ಅವರ ತಲೆಯಲ್ಲಿ ಮೊದಲೇ ಇದ್ದ ತಂಬಿಗೆಯಾಗಿರುತ್ತದೆ. ಬಾಯಿ ಉರುಟಾಗಿದೆ ಎಂದು ಗೊತ್ತಿರುವುದರಿಂದ ಉರುಟಾಗಿ ಬರೆದಿರುತ್ತಾರೆ, ತಳ ಚಪ್ಪಟೆ ಎಂದು ಗೊತ್ತಿರುವುದರಿಂದ ಸ್ಕೇಲಿಟ್ಟ ಹಾಗೆ ಗೆರೆ ಎಳೆದಿರುತ್ತಾರೆ. ಎರಡನೆಯ ದಿನ, ಕುಳಿತಲ್ಲಿಂದ ಆ ಬಾಯಿ ಒಂದು ತೆಳ್ಳನೆಯ ಅಂಡಾಕಾರ ಎಂಬುದು ಕಾಣಲು ಶುರುವಾಗುತ್ತದೆ. ಕಣ್ಣಿನ ಮಟ್ಟದಿಂದ ಕೆಳಕ್ಕೆ ಇಳಿದಷ್ಟೂ ಆ ಅಂಡಾಕಾರ ಅಗಲವಾಗುವುದರಿಂದ ತಳದ ಅಂಚು ಬಾಯಿಗಿಂತ ಹೆಚ್ಚು ಬಾಗಿರುತ್ತದೆ. ಮೂರನೆಯ ದಿನ ಯಾರಾದರೂ ಒಬ್ಬರು ಕೈ ಎತ್ತುತ್ತಾರೆ: "ಸರ್, ಹೊಟ್ಟೆ ಮೇಲೆ ಕಿಟಕಿ ಕಾಣ್ತಿದೆ." ಆಮೇಲೆ ಕಿಟಕಿಯ ಪಕ್ಕ ನಾವೆಲ್ಲ ಕುಳಿತಿರುವುದೂ ಕಾಣುತ್ತದೆ. ನೆರಳಿನ ಭಾಗದಲ್ಲಿ ಅತಿ ಕಪ್ಪಾದ ಜಾಗ ಅಂಚಿನಲ್ಲಿಲ್ಲ, ಅಂಚಿಗಿಂತ ಸ್ವಲ್ಪ ಒಳಗಿದೆ, ಮೇಜಿನಿಂದ ಪುಟಿದ ಬೆಳಕು ಅಂಚನ್ನು ತಿಳಿಯಾಗಿಸಿದೆ. ಶುಕ್ರವಾರದ ಹೊತ್ತಿಗೆ ತರಗತಿ ನಿಶ್ಶಬ್ದವಾಗಿರುತ್ತದೆ, ಬರೀ ಇದ್ದಿಲಿನ ಸರಸರ.

ಕಾಲೇಜಿನಲ್ಲಿ ಕಲೆ ಓದುವುದೆಂದರೆ ನನ್ನ ಮಟ್ಟಿಗೆ ಈ ಐದು ದಿನಗಳನ್ನು ನಾಲ್ಕು ವರ್ಷಕ್ಕೆ ಹಿಗ್ಗಿಸುವುದು. ಇಷ್ಟು ಹೊತ್ತು ಒಂದನ್ನೇ ನೋಡಲು ಬೇರೆಲ್ಲೂ ಯಾರೂ ನಿಮಗೆ ಬಿಡುವು ಕೊಡುವುದಿಲ್ಲ.

ಡಿಸೈನ್ ಓದುವವರಿಗೂ ಇದೆಲ್ಲ ಬೇಕಾ? ಅವರದ್ದು ಕಂಪ್ಯೂಟರ್ ಕೆಲಸ ಅಲ್ಲವಾ?

ತಂಬಿಗೆಯ ಮಾತು ಬಂತಲ್ಲ, ಅದರಿಂದಲೇ ಹೇಳುತ್ತೇನೆ. ಭಾರತ ಸರ್ಕಾರದ ಆಹ್ವಾನದ ಮೇಲೆ ಇಲ್ಲಿ ಸುತ್ತಾಡಿದ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಒಂದು ವರದಿ ಕೊಟ್ಟರು. ಈ ದೇಶದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಅತ್ಯಂತ ಸುಂದರವಾದದ್ದು ಎಂದು ಅವರು ಎತ್ತಿ ಹೇಳಿದ್ದು ಲೋಟಾವನ್ನು, ಅಂದರೆ ನಮ್ಮ ಚೊಂಬು, ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಸೊಂಟದ ಮೇಲೆ, ತಲೆಯ ಮೇಲೆ ಹೇಗೆ ಕೂರುತ್ತದೆ, ಸುರಿಯುವಾಗ ಹೇಗೆ, ಒಳಗೆ ಕೈ ಹಾಕಿ ತೊಳೆಯುವಾಗ ಹೇಗೆ ಎಂಬಂಥ ಪ್ರಶ್ನೆಗಳನ್ನು ಸಾಲಾಗಿ ಎತ್ತಿದರು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ, ಹುಟ್ಟಿತು. ಬಿವಿಎ ವಿದ್ಯಾರ್ಥಿ ತಂಬಿಗೆಯ ಮೇಲಿನ ಬೆಳಕು ನೋಡಿದರೆ, ಡಿಸೈನ್ ವಿದ್ಯಾರ್ಥಿ ಅದನ್ನು ಹಿಡಿಯುವ ಕೈಯನ್ನೂ ನೋಡಬೇಕು. ಕಂಪ್ಯೂಟರ್ ಬರುವುದು ಆಮೇಲೆ.

ಡಿಸೈನ್ ಸೇರಲು ಯಾವ ಪರೀಕ್ಷೆ ಬರೆಯಬೇಕು?

ಎನ್‌ಐಡಿಗೆ ಡ್ಯಾಟ್, ಎರಡು ಹಂತದಲ್ಲಿ. ಎರಡನೆಯ ಹಂತದಲ್ಲಿ ಕೈಯಾರೆ ಏನಾದರೂ ಮಾಡಿ ತೋರಿಸುವ ಸ್ಟುಡಿಯೋ ಪರೀಕ್ಷೆ ಇರುತ್ತದೆ. ಐಐಟಿಗಳ ಬಿ.ಡಿಸ್‌ಗೆ ಯುಸೀಡ್, ಅದನ್ನು ನಡೆಸುವುದು ಐಐಟಿ ಬಾಂಬೆ. ಫ್ಯಾಷನ್, ಜವಳಿ, ಉಡುಪು ಬೇಕಾದರೆ ನಿಫ್ಟ್, ಅದರ ಒಂದು ಕೇಂದ್ರ ಬೆಂಗಳೂರಿನಲ್ಲೇ ಇದೆ. ನಾಟಾ ಬರೆಯಬೇಕಾ ಎಂದು ಬಹಳ ಜನ ಕೇಳುತ್ತಾರೆ, ಅದು ಆರ್ಕಿಟೆಕ್ಚರ್‌ಗೆ. ಎನ್‌ಐಡಿ, ಯುಸೀಡ್, ನಿಫ್ಟ್‌ಗಳಿಗೆ ಅರ್ಜಿ ಹಾಕುವ ಸಮಯ ಪಿಯುಸಿ ಪರೀಕ್ಷೆಗೂ ಮುಂಚೆಯೇ ಮುಗಿದುಹೋಗಿರುತ್ತದೆ. ಫಲಿತಾಂಶ ಬಂದ ಮೇಲೆ ನನಗೆ ಫೋನ್ ಮಾಡಿದರೆ ಆ ವರ್ಷ ಕೈಬಿಟ್ಟ ಹಾಗೆಯೇ.

ಪೇಂಟಿಂಗ್, ಶಿಲ್ಪ, ಮುದ್ರಣಕಲೆ, ಅನ್ವಯಿಕ ಕಲೆ: ಯಾವುದನ್ನು ಆರಿಸಿಕೊಳ್ಳಲಿ?

ಮೊದಲ ವರ್ಷ ಮುಗಿಯುವವರೆಗೆ ಆರಿಸಿಕೊಳ್ಳಬೇಡಿ. ಬಿಡುವಿನಲ್ಲಿ ಸೀನಿಯರ್‌ಗಳ ಸ್ಟುಡಿಯೋಗೆ ಹೋಗಿ ಮೂಲೆಯಲ್ಲಿ ನಿಂತು ನೋಡಿ. ಯಾವ ಕೋಣೆಯ ವಾಸನೆ ಮನೆಗೆ ಹೋದಮೇಲೂ ನೆನಪಾಗುತ್ತದೋ ಅದೇ ನಿಮ್ಮದು.

ನನಗೆ ಅದು ಮುದ್ರಣಕಲೆ ಆಯಿತು. ಸತುವಿನ ತಗಡನ್ನು ಸೀಮೆಸುಣ್ಣದ ಪುಡಿಯಲ್ಲಿ ಉಜ್ಜಿ ಜಿಡ್ಡು ತೆಗೆಯಬೇಕು, ಮೇಣದಂಥ ಲೇಪ ಹಚ್ಚಬೇಕು, ಸೂಜಿಯಿಂದ ಗೀಚಬೇಕು. ಗೀಚಿದಲ್ಲಿ ಮಾತ್ರ ಲೋಹ ಬಿಚ್ಚಿಕೊಳ್ಳುತ್ತದೆ. ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ತಗಡನ್ನು ಇಳಿಸಿದರೆ ಒಂದೊಂದು ಗೆರೆಯ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲುಗಟ್ಟುತ್ತವೆ. ಅವನ್ನು ಗರಿಯಿಂದ ಮೆಲ್ಲಗೆ ಸವರಿ ಓಡಿಸಬೇಕು, ಇಲ್ಲವಾದರೆ ಗುಳ್ಳೆ ಕುಳಿತ ಜಾಗದಲ್ಲಿ ಆಮ್ಲ ಕಚ್ಚುವುದಿಲ್ಲ. ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆ ಆಳ, ಆಳವಾದಷ್ಟೂ ಶಾಯಿ ಹೆಚ್ಚು, ಶಾಯಿ ಹೆಚ್ಚಿದಷ್ಟೂ ಕಪ್ಪು ಗಾಢ. ಆಮೇಲೆ ಶಾಯಿ ಬಳಿದು, ಬಟ್ಟೆಯಿಂದ ಒರೆಸಿ, ಕೊನೆಗೆ ಅಂಗೈಯಿಂದಲೇ ಒರೆಸಿ, ನೆನೆಸಿದ ಕಾಗದವಿಟ್ಟು ಪ್ರೆಸ್ಸಿನ ಚಕ್ರ ತಿರುಗಿಸಬೇಕು. ಕಾಗದದ ಮೂಲೆ ಹಿಡಿದು ಎತ್ತುವ ಆ ಗಳಿಗೆಗೆ ನಾನು ಈಗಲೂ ಉಸಿರು ಹಿಡಿಯುತ್ತೇನೆ. ಎಡದ್ದು ಬಲಕ್ಕೆ ಬಂದಿರುತ್ತದೆ. ತಗಡಿನ ಮೇಲೆ ನೇರವಾಗಿ ಬರೆದ ಕನ್ನಡ ಅಕ್ಷರ ಕಾಗದದ ಮೇಲೆ ಮಗುಚಿಕೊಂಡಿರುತ್ತದೆ.

ಶಿಲ್ಪಕ್ಕೆ ತಾಳ್ಮೆಯ ಜೊತೆ ರಟ್ಟೆಯೂ ಬೇಕು. ನಾನು ಮೊದಲ ಸಲ ಮಣ್ಣಿನಲ್ಲಿ ಮುಖ ಮಾಡಿದಾಗ ಒಳಗಿನ ಕಂಬಿಗೆ ಮರದ ಸಣ್ಣ ಅಡ್ಡಕಟ್ಟುಗಳನ್ನು ಸಾಕಷ್ಟು ತೂಗುಬಿಟ್ಟಿರಲಿಲ್ಲ. ಮಣ್ಣನ್ನು ಒಳಗಿನಿಂದ ಹಿಡಿದು ನಿಲ್ಲಿಸುವುದು ಅವೇ. ಶನಿವಾರ ಒದ್ದೆ ಬಟ್ಟೆ, ಮೇಲೆ ಪ್ಲಾಸ್ಟಿಕ್ ಸುತ್ತಿ ಹೋದೆ. ಸೋಮವಾರ ಬಿಚ್ಚಿದಾಗ ದವಡೆ ಎದೆಗೆ ಇಳಿದಿತ್ತು. ಮೂರು ವಾರದ ಕೆಲಸ. ಹೊರಗಿನ ಆಕಾರವನ್ನು ಒಳಗಿನದ್ದು ಹೊರುತ್ತದೆ ಎಂದು ಅವತ್ತು ಕೈಗೆ ತಿಳಿಯಿತು.

ಅನ್ವಯಿಕ ಕಲೆಯಲ್ಲಿ ಜಾಹೀರಾತು, ಪುಸ್ತಕ ವಿನ್ಯಾಸ, ಚಿತ್ರಣ, ಅಕ್ಷರ ವಿನ್ಯಾಸ ಬರುತ್ತವೆ. ಈ ವಿಭಾಗ ಸೇರುವ ಕನ್ನಡದ ಮಕ್ಕಳಿಗೆ ನನ್ನದೊಂದು ಬೇಡಿಕೆ: ಕನ್ನಡ ಅಕ್ಷರ ಕಲಿಯಿರಿ. ಇಂಗ್ಲಿಷಿನ ಲೆಕ್ಕದಲ್ಲೇ ಸಾಲುಗಳ ನಡುವಿನ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. "ರಾಷ್ಟ್ರ" ಎಂದು ಬರೆದು ನೋಡಿ, ಷ ಅಡಿಯಲ್ಲಿ ಒಂದಲ್ಲ, ಎರಡು ಒತ್ತು. ಫ್ಲೆಕ್ಸ್ ಬೋರ್ಡಿನಲ್ಲಿ ಜಾಗಕ್ಕೆ ಹೊಂದಿಸಲು ಅಡ್ಡಡ್ಡ ಎಳೆದ ಅಕ್ಷರ ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ಬ್ರಷ್ ಹಿಡಿದು ಅಂಗಡಿ ಬೋರ್ಡು ಬರೆಯುತ್ತಿದ್ದವರಿಗೆ ಆ ದುಂಡು ಗೊತ್ತಿತ್ತು. ಅವರಲ್ಲಿ ಯಾರಾದರೂ ನಿಮ್ಮೂರಲ್ಲಿದ್ದರೆ ಹೋಗಿ ಪಕ್ಕದಲ್ಲಿ ಕುಳಿತು ಕಲಿಯಿರಿ.

ಕರ್ನಾಟಕದಲ್ಲಿ ಎಲ್ಲೆಲ್ಲಿ ಓದಬಹುದು?

ಬೆಂಗಳೂರಿನಲ್ಲಿ 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಇದೆ. ಗ್ಯಾಲರಿಗಳ ಮಧ್ಯದಲ್ಲೇ ಕಾಲೇಜು ಇರುವುದು ಅದರ ದೊಡ್ಡ ಅನುಕೂಲ. ಮೈಸೂರಿನಲ್ಲಿ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು. ಇದರ ಬೇರು ಒಡೆಯರ ಕಾಲದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿದೆ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ 1964ರದ್ದು. ಧಾರವಾಡ, ಗದಗ, ಕಲಬುರಗಿ, ಮಂಗಳೂರುಗಳಲ್ಲೂ ಕಾಲೇಜುಗಳಿವೆ. ಹುಬ್ಬಳ್ಳಿ, ಬಾಗಲಕೋಟೆ ಕಡೆಯ ಮಕ್ಕಳು "ಬೆಂಗಳೂರಿಗೇ ಹೋಗಬೇಕಾ ಸರ್" ಎಂದು ಕೇಳಿದಾಗ ನಾನು ಬೇಡ ಎನ್ನುತ್ತೇನೆ. ಹಾಲಭಾವಿಯವರು ಧಾರವಾಡದಲ್ಲಿ, ಟಿ.ಪಿ. ಅಕ್ಕಿಯವರು ಗದಗಿನಲ್ಲಿ, ಕೆ.ಬಿ. ಕುಲಕರ್ಣಿಯವರು ಬೆಳಗಾವಿಯಲ್ಲಿ ಕಟ್ಟಿದ ಕಲಾಶಿಕ್ಷಣದ ಪರಂಪರೆ ಸಣ್ಣದಲ್ಲ.

ಇನ್ನೊಂದು ಸಂಗತಿ ಹೇಳದಿರಲಾರೆ. 1919ರಲ್ಲಿ ಜರ್ಮನಿಯ ವೈಮರ್‌ನಲ್ಲಿ ಬೌಹೌಸ್ ಎಂಬ ಕಲೆ, ವಿನ್ಯಾಸದ ಶಾಲೆ ಶುರುವಾಯಿತು. ನಾವು ಇವತ್ತು ಕಲಿಸುವ ಫೌಂಡೇಶನ್ ವರ್ಷದ ಕಲ್ಪನೆ ಬಹುಮಟ್ಟಿಗೆ ಅಲ್ಲಿಂದ ಬಂದದ್ದು. ಅದೇ ವರ್ಷ ಶಾಂತಿನಿಕೇತನದಲ್ಲಿ ಕಲಾಭವನ ಶುರುವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರು ಕಲಾಮಂದಿರ ತೆರೆದರು. ಮೊದಲೆರಡನ್ನು ನಮ್ಮ ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ, ಮೂರನೆಯದರ ಹೆಸರೇ ಬಹುಪಾಲು ಮಂದಿಗೆ ಗೊತ್ತಿಲ್ಲ.

ಹೊರರಾಜ್ಯಕ್ಕೆ ಹೋಗುವುದಾದರೆ ಬರೋಡಾ, ಶಾಂತಿನಿಕೇತನ, ಮುಂಬಯಿಯ ಜೆ.ಜೆ. ಶಾಲೆ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಓದಿದ್ದು ಜೆ.ಜೆ.ಯಲ್ಲಿ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನಲ್ಲಿ ಆರ್.ಎಂ. ಹಡಪದರ ಕೆನ್ ಕಲಾಶಾಲೆಯಿಂದ ಹೊರಟು ಶಾಂತಿನಿಕೇತನ, ಲಂಡನ್‌ವರೆಗೆ ಹೋದರು. ಸಗಣಿ, ಕುಂಕುಮ, ಕೂದಲನ್ನು ಅವರು ತಮ್ಮ ಕೃತಿಗಳಿಗೆ ಸಾಮಗ್ರಿಯಾಗಿ ಮಾಡಿಕೊಂಡರು.

ಕಾಲೇಜು ನೋಡಲು ಹೋದಾಗ ಏನು ಗಮನಿಸಬೇಕು?

ಗೋಡೆಯ ಮೇಲಿನ ಪ್ರಶಸ್ತಿ ಫೋಟೋ ಬಿಟ್ಟು ಸ್ಟುಡಿಯೋ ನೋಡಿ. ಬೆಳಕು ಯಾವ ಕಡೆಯಿಂದ ಬರುತ್ತದೆ, ಸಂಜೆ ಎಷ್ಟು ಗಂಟೆಯವರೆಗೆ ಬಾಗಿಲು ತೆರೆದಿರುತ್ತದೆ, ಪ್ರೆಸ್ ಕೆಲಸ ಮಾಡುತ್ತದಾ, ಗ್ರಂಥಾಲಯದ ಪುಸ್ತಕಗಳು ಬೀರುವಿನಲ್ಲಿ ಬೀಗದೊಳಗಿವೆಯಾ. ಆಮ್ಲದ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆಯಾ ಎಂದು ತಪ್ಪದೆ ಕೇಳಿ. ನಾನು ಕೆಲಸ ಮಾಡುತ್ತಿದ್ದ ಒಂದು ಸ್ಟುಡಿಯೋದಲ್ಲಿ ಅದು ಇರಲಿಲ್ಲ. ಎರಡು ವರ್ಷ ಕೆಮ್ಮಿದೆ, ಯಾರೂ ಹೇಳಿಕೊಡಲಿಲ್ಲ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಎಂದೂ ಆಮ್ಲಕ್ಕೆ ಸುರಿಯಬಾರದು. ಟರ್ಪಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಬಣ್ಣ ಮೆತ್ತಿದ ಕೈಯಲ್ಲಿ ಬುತ್ತಿ ಬಿಚ್ಚಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಕಷ್ಟವಾಗುತ್ತದಾ?

ಸ್ಟುಡಿಯೋದಲ್ಲಿ ಏನೂ ಕಷ್ಟವಿಲ್ಲ. ಕಲಾ ಇತಿಹಾಸದ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ, ಅಲ್ಲಿ ಮೊದಲ ವರ್ಷ ಒದ್ದಾಟವಿದೆ. ಉತ್ತರವನ್ನು ಕನ್ನಡದಲ್ಲಿ ಬರೆಯಬಹುದಾ ಎಂದು ಸೇರುವಾಗಲೇ ಕಾಲೇಜಿನಲ್ಲಿ ಕೇಳಿ ತಿಳಿದುಕೊಳ್ಳಿ. ನಿಮ್ಮ ಕೆಲಸದ ಬಗ್ಗೆ ಮಾತಾಡುವಾಗ ಕನ್ನಡದಲ್ಲೇ ಮಾತಾಡಿ. ಅರಿಯದ ಇಂಗ್ಲಿಷ್ ಪದಗಳನ್ನು ಜೋಡಿಸಿ ಹೇಳಿದ್ದಕ್ಕಿಂತ "ಇಲ್ಲಿ ಭಾರ ಕಡಿಮೆಯಾಯ್ತು ಸರ್, ಚಿತ್ರ ಎಡಕ್ಕೆ ವಾಲ್ತಿದೆ" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಎಲ್ಲರ ಮುಂದೆ ನಮ್ಮ ಕೆಲಸ ಇಟ್ಟು ಬೈಯುತ್ತಾರಂತೆ?

ಅದಕ್ಕೆ ಕ್ರಿಟಿಕ್ ಅನ್ನುತ್ತಾರೆ. ಎಲ್ಲರ ಕೆಲಸ ಗೋಡೆಗೆ ಹಾಕಿ ಒಟ್ಟಿಗೆ ಮಾತಾಡುವುದು. ಸರಿಯಾಗಿ ನಡೆದರೆ ಕಾಲೇಜಿನಲ್ಲಿ ಇದರಷ್ಟು ಬೆಲೆಬಾಳುವ ತರಗತಿ ಇನ್ನೊಂದಿಲ್ಲ. ನೀವು ಹಾಕಿದ್ದೇನು, ಇನ್ನೊಬ್ಬರಿಗೆ ಕಂಡದ್ದೇನು ಎಂಬುದರ ನಡುವಿನ ಅಂತರ ಅಲ್ಲಿ ಬಯಲಾಗುತ್ತದೆ. ಕೇಳುವಾಗ ಸಮರ್ಥಿಸಿಕೊಳ್ಳಲು ಹೋಗಬೇಡಿ, ಬರೆದುಕೊಳ್ಳಿ. ಆದರೆ ಚಿತ್ರದ ಬಗ್ಗೆ ಮಾತಾಡುವುದು ಬೇರೆ, ಹುಡುಗಿಯ ಊರು, ಬಟ್ಟೆ, ಜಾತಿಯ ಬಗ್ಗೆ ಆಡುವುದು ಬೇರೆ. ಎರಡನೆಯದ್ದು ವಿಮರ್ಶೆಯಲ್ಲ, ಅದನ್ನು ಸಹಿಸಬೇಕಾಗಿಲ್ಲ. ನನ್ನ ವಿದ್ಯಾರ್ಥಿ ದಿನಗಳಲ್ಲಿ ಒಬ್ಬ ಮೇಷ್ಟ್ರು ಒಂದು ಮಾತೂ ಕೇಳದೆ ನನ್ನ ಡ್ರಾಯಿಂಗಿನ ಮೇಲೆ ದಪ್ಪ ಇದ್ದಿಲಿನಿಂದ ಗೀಟು ಎಳೆದರು. ಅವರು ತಿದ್ದಿದ್ದು ಸರಿಯೇ ಇತ್ತು. ಆದರೂ ನಾನು ಇವತ್ತಿಗೂ ಯಾರ ಹಾಳೆ ಮುಟ್ಟುವ ಮುಂಚೆಯೂ ಕೇಳುತ್ತೇನೆ, ತೋರಿಸಬೇಕಾದರೆ ಅಂಚಿನಲ್ಲಿ ಬೇರೆ ಬಿಡಿಸಿ ತೋರಿಸುತ್ತೇನೆ.

ಮಾಡೆಲ್ ನೋಡಿ ಬಿಡಿಸುವುದು ಅಂದರೆ ಹೇಗೆ? ಮನೆಯಲ್ಲಿ ಭಯಪಡುತ್ತಾರೆ.

ನಮ್ಮ ಕಡೆಯ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಬಟ್ಟೆ ಉಟ್ಟವರೇ ಕೂರುವುದು, ಹೆಚ್ಚಾಗಿ ಸುತ್ತಮುತ್ತಲಿನ ವಯಸ್ಸಾದ ಕೂಲಿಕಾರರು. ಗಂಟೆಗಟ್ಟಲೆ ಅಲುಗಾಡದೆ ಕೂರುವುದು ಕಠಿಣ ದುಡಿಮೆ. ಅವರಿಗೆ ನಮಸ್ಕಾರ ಹೇಳಿ, ವಿರಾಮದಲ್ಲಿ ಚಹಾ ಕೊಡಿ, ಮುಗಿದಮೇಲೆ ಚಿತ್ರ ತೋರಿಸಿ.

ಖರ್ಚು ಎಷ್ಟಾಗುತ್ತದೆ?

ಸರ್ಕಾರಿ ಕಾಲೇಜಿನಲ್ಲಿ ಶುಲ್ಕ ಕಡಿಮೆ, ಖಾಸಗಿ ಡಿಸೈನ್ ಸಂಸ್ಥೆಗಳಲ್ಲಿ ಲಕ್ಷಗಳ ಲೆಕ್ಕ. ಆದರೆ ಬಡ ಮನೆಯ ಮಕ್ಕಳನ್ನು ನಿಜವಾಗಿ ಸುಸ್ತು ಮಾಡುವುದು ಸಾಮಗ್ರಿಯ ಖರ್ಚು, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕ್ಯಾನ್ವಾಸ್ ಬಟ್ಟೆಯನ್ನು ಮೀಟರಿನಲ್ಲಿ ತಂದು ಚೌಕಟ್ಟಿಗೆ ನೀವೇ ಬಿಗಿಯಿರಿ. ನಾಲ್ಕೈದು ಜನ ಸೇರಿ ಬಣ್ಣದ ದೊಡ್ಡ ಡಬ್ಬ ತೆಗೆದುಕೊಳ್ಳಿ. ಮೊದಲ ವರ್ಷ ಅಭ್ಯಾಸಕ್ಕೆ ನ್ಯೂಸ್‌ಪ್ರಿಂಟ್ ಧಾರಾಳ ಸಾಕು. ಆದರೆ ಜಲವರ್ಣಕ್ಕೆ ಕಾಗದದಲ್ಲಿ ಉಳಿಸಬೇಡಿ, 300 ಜಿಎಸ್ಎಂನದ್ದೇ ತನ್ನಿ. ತೆಳು ಕಾಗದ ನೀರು ತಾಗಿದ ಕೂಡಲೇ ಹಪ್ಪಳದಂತೆ ಏಳುತ್ತದೆ, ತಪ್ಪು ನಿಮ್ಮ ಕೈಯದ್ದು ಎಂದು ನೀವು ಅಂದುಕೊಳ್ಳುತ್ತೀರಿ. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ಎರಡು ವರ್ಷದ ವಿದ್ಯಾರ್ಥಿವೇತನ ಕೊಡುತ್ತದೆ, ಅದಕ್ಕೆ ಅರ್ಜಿ ಹಾಕಿ.

ನನಗೆ ಕೆಂಪು, ಹಸಿರು ಸರಿಯಾಗಿ ಗೊತ್ತಾಗುವುದಿಲ್ಲ. ಈ ಕ್ಷೇತ್ರ ಬಿಡಬೇಕಾ?

ಬಿಡಬೇಡಿ. ಶಿಲ್ಪ, ಮುದ್ರಣಕಲೆ, ಡ್ರಾಯಿಂಗ್‌ಗೆ ಅದು ಅಡ್ಡಿಯೇ ಅಲ್ಲ. ಬಣ್ಣದ ಕೆಲಸದಲ್ಲಿ ಟ್ಯೂಬಿನ ಮೇಲಿನ ಹೆಸರು ಓದಿ ಬಳಸಿ, ಮೇಷ್ಟ್ರಿಗೆ ಮೊದಲ ದಿನವೇ ಹೇಳಿಬಿಡಿ.

ಈಗ ಎಐ ಕ್ಷಣದಲ್ಲಿ ಚಿತ್ರ ಮಾಡಿಕೊಡುತ್ತಲ್ಲ, ನಾಲ್ಕು ವರ್ಷ ಯಾಕೆ?

ಜಾಹೀರಾತು, ಚಿತ್ರಣದ ಕೆಲಸಗಳ ಮೇಲೆ ಇದರ ಪೆಟ್ಟು ಬಿದ್ದಿದೆ, ಬಿದ್ದಿಲ್ಲ ಎಂದರೆ ನಾನು ನಿಮಗೆ ಸುಳ್ಳು ಹೇಳಿದಂತೆ. ಅಗ್ಗದ, ಅವಸರದ ಚಿತ್ರಗಳ ಮಾರುಕಟ್ಟೆ ಹೋಗುತ್ತಿದೆ. ಆದರೆ ಹತ್ತು ಚಿತ್ರ ಮುಂದಿಟ್ಟಾಗ ಯಾವುದು ಸತ್ತಿದೆ, ಯಾವುದರಲ್ಲಿ ಜೀವವಿದೆ, ಯಾವ ಕೈ ತೋಳಿಗೆ ಸರಿಯಾಗಿ ಕೂತಿಲ್ಲ ಎಂದು ಹೇಳಲು ತಂಬಿಗೆಯ ಮುಂದೆ ಐದು ದಿನ ಕುಳಿತ ಕಣ್ಣೇ ಬೇಕು. ಮೊದಲೆರಡು ವರ್ಷ ಎಐ ಮುಟ್ಟಬೇಡಿ ಎಂಬುದು ನನ್ನ ಸಲಹೆ.

ಓದಿದ ಮೇಲೆ ಕೆಲಸ ಸಿಗುತ್ತದಾ? ಅಪ್ಪ ಅಮ್ಮನಿಗೆ ಏನು ಹೇಳಲಿ?

ನನ್ನ ಜೊತೆ ಓದಿದವರಲ್ಲಿ ಒಬ್ಬರು ಶಾಲೆಯಲ್ಲಿ ಕಲಾ ಶಿಕ್ಷಕರು, ಇಬ್ಬರು ಅನಿಮೇಶನ್‌ನಲ್ಲಿದ್ದಾರೆ, ಒಬ್ಬಳು ಪುಸ್ತಕ ವಿನ್ಯಾಸ ಮಾಡುತ್ತಾಳೆ, ಒಬ್ಬ ಸಿನಿಮಾ ಕಲಾ ವಿಭಾಗದಲ್ಲಿ, ಒಬ್ಬ ಕಂಚು ಎರಕದ ಕಾರ್ಯಾಗಾರ ನಡೆಸುತ್ತಾನೆ. ಪೂರ್ತಿ ತನ್ನ ಪೇಂಟಿಂಗ್ ಮಾರಿಯೇ ಬದುಕುತ್ತಿರುವವನು ಒಬ್ಬನೇ. ಇಬ್ಬರು ಕಲೆ ಬಿಟ್ಟರು. ಕಾಲೇಜಿನಲ್ಲಿ ಪಾಠ ಮಾಡಬೇಕೆಂದರೆ ಎಂವಿಎ ನಂತರ ದೃಶ್ಯಕಲೆ ವಿಷಯದಲ್ಲೇ ನೆಟ್ ಪರೀಕ್ಷೆ ಇದೆ. ಕ್ಯಾಂಪಸ್‌ನಲ್ಲೇ ಕೆಲಸ ಸಿಗುವ ಭರವಸೆ ಇಟ್ಟುಕೊಂಡು ಬಿವಿಎಗೆ ಬರಬೇಡಿ. ಡಿಸೈನ್ ಓದಿದವರ ಸ್ಥಿತಿ ಈ ವಿಷಯದಲ್ಲಿ ಉತ್ತಮ.

ಮನೆಯವರಿಗೆ ಬಾಯಲ್ಲಿ ಹೇಳುವುದಕ್ಕಿಂತ ಕರೆದುಕೊಂಡು ಹೋಗಿ ತೋರಿಸಿ. 2003ರಿಂದ ನಡೆಯುತ್ತಿರುವ ಚಿತ್ರಸಂತೆಗೆ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ಕರೆತನ್ನಿ. ಫುಟ್‌ಪಾತಿನ ಮೇಲೆ ಚಿತ್ರ ಹರಡಿಕೊಂಡು ಕುಳಿತವರ ಜೊತೆ ನಿಮ್ಮ ತಂದೆಯೇ ಮಾತಾಡಲಿ: ಎಲ್ಲಿ ಓದಿದಿರಿ, ಮನೆ ಹೇಗೆ ನಡೆಯುತ್ತದೆ? ನಾನು ಹೇಳುವುದಕ್ಕಿಂತ ನೇರವಾದ ಉತ್ತರ ಅಲ್ಲಿ ಸಿಗುತ್ತದೆ.

ಮೊದಲ ದಿನ ಏನೇನು ತರಬೇಕು?

ಡ್ರಾಯಿಂಗ್ ಬೋರ್ಡ್, ನಾಲ್ಕು ಕ್ಲಿಪ್ಪು, ಹತ್ತು ಹಾಳೆ ಕಾರ್ಟ್ರಿಡ್ಜ್ ಕಾಗದ, ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲ್, ಕೆತ್ತಲು ಬ್ಲೇಡು, ಇದ್ದಿಲಿನ ಒಂದು ಪೆಟ್ಟಿಗೆ, ಕೈ ಒರೆಸಲು ಹಳೆಯ ಪಂಚೆಯ ತುಂಡು. ರಬ್ಬರ್ ಮನೆಯಲ್ಲೇ ಬಿಟ್ಟು ಬನ್ನಿ, ಮೊದಲ ವಾರ ಅದರ ಅಗತ್ಯವಿಲ್ಲ. ತಂಬಿಗೆ ನಾನು ತರುತ್ತೇನೆ.